ಆವೃತ್ತಿ ಬಹುಭುಜಾಕೃತಿಯ ಎರಡು ತುದಿ ಸೊನ್ನೆಗೆ ಯಾಕೆ ಇಳಿಯಬೇಕು?

ಪ್ರಶ್ನೆ:
ವರ್ಗಾಂತರ ಮತ್ತು ಆವೃತ್ತಿ (ಆ ವರ್ಗದಲ್ಲಿ ಎಷ್ಟು ಅಂಕಿಗಳಿವೆ ಅನ್ನುವ ಎಣಿಕೆ) ಹೀಗಿವೆ: 10–20ಕ್ಕೆ 4, 20–30ಕ್ಕೆ 7, 30–40ಕ್ಕೆ 12, 40–50ಕ್ಕೆ 9, 50–60ಕ್ಕೆ 3. ಒಟ್ಟು 35. ಮಧ್ಯಬಿಂದುಗಳ ಮೇಲೆ ಆವೃತ್ತಿ ಗುರುತಿಸಿ ಗೆರೆ ಸೇರಿಸಿದ್ದಾಯಿತು. ಆದರೆ ಉತ್ತರದ ನಕ್ಷೆಯಲ್ಲಿ ಗೆರೆ 5ರಿಂದ ಹೊರಟು 65ರಲ್ಲಿ ನಿಲ್ಲುತ್ತದೆ. ಕೊಟ್ಟ ಲೆಕ್ಕದಲ್ಲೇ ಇಲ್ಲದ ಈ ಎರಡು ಬಿಂದು ಎಲ್ಲಿಂದ ಬಂದವು? ಮೊದಲು ಹಿಸ್ಟೋಗ್ರಾಂ (ಪ್ರತಿ ವರ್ಗದ ಮೇಲೆ ಆವೃತ್ತಿಯಷ್ಟು ಎತ್ತರದ ಆಯತಗಳ ನಕ್ಷೆ) ಎಳೆಯಲೇಬೇಕಾ?

ಉತ್ತರ 1:
ಎಳೆಯಲೇಬೇಕು ಅಂತಿಲ್ಲ. ಪ್ರಶ್ನೆಯಲ್ಲಿ ಕೇಳಿದ್ದರೆ ಮಾತ್ರ ಎಳೆಯಿರಿ. ಮಧ್ಯಬಿಂದು ಅಂದರೆ ಕೆಳಮಿತಿ ಮತ್ತು ಮೇಲ್ಮಿತಿಯ ಮೊತ್ತದ ಅರ್ಧ. ನಿಮ್ಮವು 15, 25, 35, 45, 55. ಬಿಂದುಗಳು (15, 4), (25, 7), (35, 12), (45, 9), (55, 3).

ಈಗ ತುದಿಗಳು. 10–20ರ ಹಿಂದೆ 0–10, 50–60ರ ಮುಂದೆ 60–70 ಇವೆ ಅಂದುಕೊಳ್ಳಿ. ಅವುಗಳಲ್ಲಿ ಯಾವ ಅಂಕಿಯೂ ಇಲ್ಲ, ಆವೃತ್ತಿ 0. ಅವುಗಳ ಮಧ್ಯಬಿಂದುಗಳೇ 5 ಮತ್ತು 65. ಬಹುಭುಜಾಕೃತಿ ಅಂದಮೇಲೆ ಆಕೃತಿ ಮುಚ್ಚಿರಬೇಕಲ್ಲ, ಅದು ಒಂದು ಕಾರಣ. ನಿಜವಾದ ಕಾರಣ ವಿಸ್ತೀರ್ಣ. ಹಿಸ್ಟೋಗ್ರಾಂನ ಒಟ್ಟು ವಿಸ್ತೀರ್ಣ 10 × 35 = 350. ತುದಿ ಬಿಟ್ಟು 15ರಿಂದ 55ರವರೆಗೆ ಮಾತ್ರ ಎಳೆದರೆ ಗೆರೆಯ ಕೆಳಗೆ ಸಿಗುವುದು 315. 5 ಮತ್ತು 65 ಸೇರಿಸಿದರೆ ಸರಿಯಾಗಿ 350. (5, 0)ರಿಂದ (15, 4)ಕ್ಕೆ ಹೋಗುವ ಗೆರೆ 10ರಲ್ಲಿ 2ರ ಎತ್ತರದಲ್ಲಿದೆ ನೋಡಿ. ಆಯತದ ಹೊರಗೆ ಸೇರಿಕೊಂಡ ತ್ರಿಭುಜ, ಒಳಗೆ ಕತ್ತರಿಸಿಹೋದ ತ್ರಿಭುಜ, ಎರಡರ ವಿಸ್ತೀರ್ಣವೂ 5. ಪ್ರತಿ ಮೂಲೆಯಲ್ಲೂ ಹೀಗೇ ಸರಿದೂಗುತ್ತದೆ.

ಗೆರೆಯನ್ನು ಅಳತೆಪಟ್ಟಿಯಲ್ಲೇ ಎಳೆಯಿರಿ. ಕೈಯಿಂದ ನಯವಾಗಿ ಬಾಗಿಸಿದರೆ ಅದು ಆವೃತ್ತಿ ವಕ್ರರೇಖೆ ಆಗುತ್ತದೆ, ಬಹುಭುಜಾಕೃತಿ ಅಲ್ಲ.

ಪ್ರಶ್ನೆ ಕೇಳಿದವರು:
ಮೊದಲ ವರ್ಗವೇ 0–10 ಆಗಿದ್ದರೆ? 10–19, 20–29 ಅಂತ ಕೊಟ್ಟಿದ್ದರೆ?

ಉತ್ತರ 2:
0–10 ಇದ್ದರೆ ಅಡ್ಡ ಅಕ್ಷವನ್ನು ಎಡಕ್ಕೆ ಬೆಳೆಸಿ, −10ರಿಂದ 0 ಎಂಬ ವರ್ಗ ಊಹಿಸಿ, −5ರಲ್ಲಿ ಸೊನ್ನೆ ಇಡಿ. ಪರೀಕ್ಷೆಯ ಅಂಕಗಳಂಥವು ಋಣಾತ್ಮಕವಾಗಲಾರವು ಅನ್ನಿಸಬಹುದು, ಆದರೂ ವಿಸ್ತೀರ್ಣ ಸರಿಹೋಗಲು ಅದು ಬೇಕು.

10–19, 20–29 ಬಂದರೆ ಗಡಿಗಳನ್ನು 9.5–19.5, 19.5–29.5 ಅಂತ ತಿದ್ದಿಕೊಳ್ಳಿ. ವರ್ಗದ ಅಗಲ 10, 9 ಅಲ್ಲ. ಇಲ್ಲಿ ಎಡವುವವರು ತುಂಬಾ ಜನ. ಮಧ್ಯಬಿಂದು 14.5, 24.5, ಎಡ ತುದಿ 4.5.

ಇನ್ನೊಂದು ಸಾಮಾನ್ಯ ತಪ್ಪು: ಮಧ್ಯಬಿಂದುವಿನ ಬದಲು ಮೇಲ್ಮಿತಿಯ ಮೇಲೆ ಬಿಂದು ಇಡುವುದು. ಮೇಲ್ಮಿತಿ ಬೇಕಾಗುವುದು ಓಜೀವ್ ಎಂಬ ಇನ್ನೊಂದು ನಕ್ಷೆಗೆ, ಅದೂ ಸಂಚಿತ ಆವೃತ್ತಿಯ (ಆ ಮಿತಿಯವರೆಗಿನ ಆವೃತ್ತಿಗಳ ಮೊತ್ತ) ಜೊತೆ: 20ಕ್ಕೆ 4, 30ಕ್ಕೆ 11, 40ಕ್ಕೆ 23, ಹೀಗೆ 60ಕ್ಕೆ 35. ಆ ಗೆರೆ ಮತ್ತೆ ಕೆಳಗಿಳಿಯುವುದಿಲ್ಲ.

ಉತ್ತರ 3:
ಎರಡು ವಿಷಯ ಬಿಟ್ಟುಹೋಗಿವೆ. ವರ್ಗಗಳ ಅಗಲ ಬೇರೆಬೇರೆ ಇದ್ದಾಗ ಕೊಟ್ಟ ಆವೃತ್ತಿಯನ್ನು ನೇರವಾಗಿ ಗುರುತಿಸಬೇಡಿ. 0–10ಕ್ಕೆ 6, 10–20ಕ್ಕೆ 10, 20–40ಕ್ಕೆ 14 ಅಂತಿದ್ದರೆ ನಕ್ಷೆ ಏರುತ್ತಲೇ ಹೋದಂತೆ ಕಾಣುತ್ತದೆ. ಕೊನೆಯ ವರ್ಗದ ಅಗಲ ದುಪ್ಪಟ್ಟು, ಹಾಗಾಗಿ 14 ÷ 20 × 10 = 7 ಮಾಡಿಕೊಳ್ಳಬೇಕು. ಆಗ 6, 10, 7: ಏರಿ ಇಳಿಯುತ್ತದೆ. ಇಂಥ ಕಡೆ ಮೇಲೆ ಹೇಳಿದ ತ್ರಿಭುಜಗಳ ಲೆಕ್ಕ ಪೂರ್ತಿ ಹೊಂದುವುದಿಲ್ಲ; ಅದಕ್ಕೆ ಅಗಲ ಸಮನಾಗಿರಬೇಕು.

ಎರಡನೆಯದು ಹೋಲಿಕೆ. ಬಹುಭುಜಾಕೃತಿಯ ನಿಜವಾದ ಉಪಯೋಗ ಅದೇ: ಎರಡು ಹಿಸ್ಟೋಗ್ರಾಂ ಒಂದರ ಮೇಲೊಂದು ಬಿದ್ದರೆ ಏನೂ ತಿಳಿಯದು, ಎರಡು ಗೆರೆ ಸಲೀಸಾಗಿ ಕಾಣುತ್ತವೆ. ಆದರೆ ಒಂದು ಗುಂಪಿನಲ್ಲಿ 35, ಇನ್ನೊಂದರಲ್ಲಿ 50 ಇದ್ದರೆ ಮೊದಲು ಶೇಕಡಾಕ್ಕೆ ತಂದುಕೊಳ್ಳಿ. 35ರಲ್ಲಿ 12 ಅಂದರೆ ಸುಮಾರು ಶೇ. 34, 50ರಲ್ಲಿ 15 ಶೇ. 30 ಮಾತ್ರ. ಬರೀ ಆವೃತ್ತಿ ಗುರುತಿಸಿದರೆ ಎರಡನೆಯದೇ ಎತ್ತರವಾಗಿ ಕಾಣುತ್ತದೆ.