ಸಹಾಯ ಬೇಕು: ತಾಂಜಾನಿಯಾದಲ್ಲಿ ಇದ್ದು ಬಂದವರು ಯಾರಾದ್ರೂ ಇದ್ದೀರಾ?

ಕಲಬುರಗಿ ಮಂದಿಗೆಲ್ಲ ನಮಸ್ಕಾರ. ನನ್ನ ತಂಗಿ ಎರಡು ತಿಂಗಳಿಂದ ತಾಂಜಾನಿಯಾದ ಮ್ಟ್ವಾರಾ ಕಡೆ ಒಂದು ಹಳ್ಳಿಯಲ್ಲಿದ್ದಾಳೆ. ಸ್ವಯಂಸೇವಕಿಯಾಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಪಾಠ ಸಲೀಸು, ಉಳಿದದ್ದೇ ಕಷ್ಟವಂತೆ.

ಮೊದಲ ವಾರವೇ ಪಜೀತಿ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. 'ಸಾ ತಾತು' ಅಂದರೆ ಮೂರು ಗಂಟೆ, ಆದರೆ ನಮ್ಮ ಲೆಕ್ಕಕ್ಕೆ ಬೆಳಗ್ಗೆ 9! ಇವಳು ಮಧ್ಯಾಹ್ನ ಮೂರಕ್ಕೆ ಮೀಟಿಂಗ್‌ಗೆ ಹೋದರೆ ಬಾಗಿಲಿಗೆ ಬೀಗ.

ಊಟಕ್ಕೆ ದಿನಾ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಮ್ಮ ತೊಗರಿ ಅಲ್ಲೂ ಬೆಳೆಯುತ್ತಾರೆ, ಅದೊಂದು ಸಮಾಧಾನ. ಬಿಳಿಜೋಳದ ಹಿಟ್ಟೂ ಸಿಕ್ಕಿದೆ, ಆದರೆ ಜಿಗಿಯೇ ಇಲ್ಲ. ತಟ್ಟುವಾಗ ಅಂಚು ಒಡೆದು, ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ಎರಡು ತುಂಡು. ಅವ್ವ ಇಲ್ಲಿಂದ ವಿಡಿಯೋ ಕಾಲ್‌ನಲ್ಲಿ "ಎಸರು ಕುದಿಸಿ ಹಾಕು, ಚೆನ್ನಾಗಿ ನಾದು" ಅಂತಾಳೆ. ಎಲ್ಲಾ ಮಾಡಿ ನೋಡಿದ್ದಾಳೆ.

ಅಂಥ ಹಿಟ್ಟಿಗೆ ಏನು ಸೇರಿಸಬೇಕು? ದಾರ್ ಎಸ್ ಸಲಾಮ್‌ಗೆ ಹೋಗುವವರಿದ್ದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಕಳಿಸಬಹುದಾ? ಹೊರದೇಶದಲ್ಲಿ ಒಬ್ಬರೇ ಇದ್ದವರು ಸಂಜೆ ಹೊತ್ತು ಹೇಗೆ ಕಳೆದಿರಿ, ಅದನ್ನೂ ಹೇಳಿ. ಅಲ್ಲಿ ರಾತ್ರಿ 8 ಆದಾಗ ಇಲ್ಲಿ 10:30. ಅವಳಿಗೆ ಮಾತು ಬೇಕಾದ ಹೊತ್ತಿಗೆ ಅವ್ವ ಮಲಗಿಬಿಟ್ಟಿರುತ್ತಾಳೆ.