ಎದ್ದ ಮೇಲೂ ನೀರಿನೊಳಗೇ ಇದ್ದ ಕೌರವ

ನಮ್ಮ ಮನೆಯ ವಾಟ್ಸಾಪ್ ಗುಂಪಿನ ಹೆಸರು 'ತೋಟದ ಮನೆ'. ಸಿರ್ಸಿ, ಕುಮಟಾ, ಕಾರವಾರ, ಬೆಂಗಳೂರು ಎಲ್ಲ ಸೇರಿ 23 ಜನ. ವಾರವಿಡೀ ಶುಭೋದಯದ ಹೂವು, ಅಡಿಕೆ ಧಾರಣೆ, ಯಾರದ್ದೋ ಉಪನಯನದ ಕರೆಯೋಲೆ. ಭಾನುವಾರಕ್ಕೆ ಮಾತ್ರ ಪುಟ್ಟಕ್ಕ ಒಂದು ನಿಯಮ ಮಾಡಿದ್ದಾಳೆ. ಆ ವಾರ ಯಾವ ಆಲ್ಬಂ ಕೇಳಿದಿರಿ ಎಂದು ಬರೆಯಬೇಕು, ಅಷ್ಟೇ. ಮೊನ್ನೆಯ ಭಾನುವಾರ ಮಳೆ ಬಿಡಲೇ ಇಲ್ಲ. ಅಡಿಕೆ ಕೊನೆಗೆ ಬೋರ್ಡೋ ಔಷಧಿ ಹೊಡೆಸಲು ಆಗದೆ ದೊಡ್ಡಪ್ಪ ದಿನವಿಡೀ ಮನೆಯಲ್ಲೇ ಇದ್ದರು. ಅದೇ ಎಡವಟ್ಟಾಯಿತು. ಕೆಳಗಿನ ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ ಇವೆ.

ಪುಟ್ಟಕ್ಕ: ಸರಿ, ಶುರು ಮಾಡಿ. ಫಾರ್ವರ್ಡ್ ಬೇಡ. ನೀವೇ ಕೂತು ಪೂರ್ತಿ ಕೇಳಿದ್ದು ಮಾತ್ರ.

ಚಿಕ್ಕಮ್ಮ: ಭೀಮಸೇನ ಜೋಶಿಯವರ ದಾಸವಾಣಿ. ದೋಸೆ ಹೊಯ್ಯುವಾಗ ಹಾಕುತ್ತೇನೆ. ಹಿಟ್ಟು ಮುಗಿಯುವಾಗ ಅದೂ ಮುಗಿಯುತ್ತದೆ.

ತಮ್ಮ: ಚಿಕ್ಕಮ್ಮ, ಕಳೆದ ವಾರವೂ ಅದೇ ಅಲ್ವಾ?

ಚಿಕ್ಕಮ್ಮ: ಕಳೆದ ವಾರವೂ ದೋಸೆಯೇ.

ಕುಮಟೆ ಮಾವ: ನಾನು ಮಲ್ಲಿಕಾರ್ಜುನ ಮನ್ಸೂರರನ್ನು ಹಿಡಿದು ಕೂತಿದ್ದೇನೆ. ಮೊದಲು ಅವರ ಹಳೆಯ, ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳು. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲೇ ರಾಗ ಬಂದು, ಕೂತು, ಎಲೆ ಅಡಿಕೆ ಹಾಕಿಕೊಂಡು ಎದ್ದು ಹೋಗುತ್ತದೆ! ಆಮೇಲೆ ಅವರೇ ಹೆಚ್ಚು ಹೊತ್ತು ಓಡುವ ಎಲ್‌ಪಿಯಲ್ಲಿ ಬದಿಗೆ ಇಪ್ಪತ್ತು ನಿಮಿಷ ಹಾಡಿದ್ದು. ಶುರುವಿನಲ್ಲಿ ಗ್ವಾಲಿಯರ್ ಘರಾಣೆಯ ಪಾಠ, ಆಮೇಲೆ ಅಲ್ಲಾದಿಯಾ ಖಾನರ ಮಕ್ಕಳು ಮಂಜೀ ಖಾನ್, ಭುರ್ಜೀ ಖಾನರ ಹತ್ತಿರ ಜೈಪುರದ ಪಾಠ. ಎರಡನ್ನೂ ಒಂದೇ ದಿನ ಕೇಳಿದರೆ ಅವರ ಅರ್ಧ ಆಯುಷ್ಯವನ್ನು ಪಕ್ಕದಲ್ಲಿ ಕೂತು ನೋಡಿದ ಹಾಗಾಗುತ್ತದೆ.

ದೊಡ್ಡಪ್ಪ: ಭಾವ, ಹಳೆ ತಟ್ಟೆ ಕರಕರ ಅನ್ನುವುದಿಲ್ಲವೇ?

ಕುಮಟೆ ಮಾವ: ಅನ್ನುತ್ತದೆ. ಹಪ್ಪಳ ಕರಿದ ಹಾಗೆ. ಎರಡು ನಿಮಿಷ ಹೋದರೆ ಕಿವಿಯೇ ಅದನ್ನು ಆಚೆ ಇಟ್ಟುಬಿಡುತ್ತದೆ.

ಪುಟ್ಟಕ್ಕ: ನನ್ನದಕ್ಕೆ ಆಲ್ಬಂ ಅನ್ನಬಹುದೋ ಇಲ್ಲವೋ. ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹಾಲಕ್ಕಿ ಹಾಡುಗಳು. 2017ರಲ್ಲಿ ಪದ್ಮಶ್ರೀ ಬಂತಲ್ಲ, ಅವರೇ. 2025ರ ಫೆಬ್ರವರಿಯಲ್ಲಿ ಹೋದ ಮೇಲೆ ನನ್ನ ಹತ್ತಿರ ಇರುವುದನ್ನೆಲ್ಲ ಒಂದು ಕಡೆ ಜೋಡಿಸಿಕೊಂಡಿದ್ದೇನೆ. ಯಾರೋ ಅಂಗಳದಲ್ಲಿ ಕೂತು ಫೋನಿನಲ್ಲಿ ಹಿಡಿದದ್ದು. ನಡುವೆ ಕೋಳಿ ಕೂಗುತ್ತದೆ.

ತಮ್ಮ: ನಾನು ರಘು ದೀಕ್ಷಿತರ ಮೊದಲ ಆಲ್ಬಂ, 2008ರದ್ದು. ಷರೀಫರ ಗುಡುಗುಡಿ ಹಾಡಿಗೇ ಹತ್ತು ಸಲ ಹಿಂದೆ ಹೋಗಿದ್ದೇನೆ.

ದೊಡ್ಡಪ್ಪ: ಲುಂಗಿ ಉಟ್ಟು ಹಾಡುವವರಲ್ಲವೇ? ಅಡ್ಡಿಲ್ಲ.

ತಮ್ಮ: ಆದರೆ ಈ ವಾರದ ನಿಜವಾದ ಆಲ್ಬಂ ಅದಲ್ಲ. ಇದು. ಅಟ್ಟದ ಟ್ರಂಕಿನಲ್ಲಿ ಸಿಕ್ಕಿದ ಅಜ್ಜನ ಕ್ಯಾಸೆಟ್‌ಗಳು. 1986ರಲ್ಲಿ ನಮ್ಮ ಗದ್ದೆ ಬಯಲಿನಲ್ಲಿ ಆದ ಗದಾಯುದ್ಧ ಯಕ್ಷಗಾನದ ಆಟ! ಒಟ್ಟು 6 ಇದ್ದವು. ನಾಲ್ಕು ಸರಿ ಇವೆ. ಒಂದಕ್ಕೆ ಬೂಷ್ಟು ಹಿಡಿದಿದೆ. ಮೂರನೆಯದರ ಕಥೆ ಆಮೇಲೆ ಹೇಳುತ್ತೇನೆ. ಸದ್ದುಗದ್ದಲ ಎಲ್ಲ ತೆಗೆದು ಕ್ಲೀನ್ ಮಾಡಿದ್ದೇನೆ. 8 ಫೈಲ್.

ಆಮೇಲೆ ಕೈ ಮುಗಿದವರು, ಕಣ್ಣೀರು ಹಾಕಿದವರು, ಹೃದಯ ಕಳಿಸಿದವರು. ಕುಮಟೆ ಅತ್ತೆ ಗುಂಪಿನಲ್ಲಿ ಮಾತಾಡುವುದೇ ಅಪರೂಪ. ಅವರೂ ಒಂದು ಹೆಬ್ಬೆರಳು ಎತ್ತಿದರು. ಮುಕ್ಕಾಲು ಗಂಟೆಯ ನಂತರ 'ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ' ಎಂದು ಬಂತು. ತುಂಬಾ ಹೊತ್ತು ಹಾಗೇ ಇತ್ತು. ಕೊನೆಗೆ ಬಂದದ್ದು ಮೂರೇ ಶಬ್ದ.

ದೊಡ್ಡಪ್ಪ: ತಮ್ಮಾ, ಚಂಡೆ ಎಲ್ಲಿ?

ತಮ್ಮ: ಇದೆಯಲ್ಲ ದೊಡ್ಡಪ್ಪ. ಹಿಂದೆ ಮೆಲ್ಲಗೆ ಕೇಳುತ್ತದೆ.

ದೊಡ್ಡಪ್ಪ: ಚಂಡೆ ಮೆಲ್ಲಗೆ ಕೇಳುವ ವಸ್ತುವಲ್ಲ. ಎರಡು ಗುಡ್ಡದಾಚೆ ಮಲಗಿದವನನ್ನೂ ಎಬ್ಬಿಸಬೇಕು. ನಿನ್ನ ಫೈಲಿನಲ್ಲಿ ಸಾಲ ಕೇಳಲು ಬಂದವನು ಕದ ತಟ್ಟಿದ ಹಾಗಿದೆ. ಹಾಡುವ ಭಾಗವತರ ತಾಳ 'ಟಿಣ್' ಅನ್ನಬೇಕು. ಇಲ್ಲಿ ಬರೀ 'ಟಿ' ಇದೆ. 'ಣ್' ನೀನು ತಿಂದಿದ್ದೀಯ.

ಚಿಕ್ಕಮ್ಮ: ನಾನು ನೇರ ಕೊನೆಯ ಫೈಲು ಹಾಕಿದೆ. ಭೀಮ ಮೂದಲಿಸಿದ, ಕೌರವ ಸರೋವರದಿಂದ ಎದ್ದು ಬಂದ. ಎದ್ದ ಮೇಲೂ ನೀರಿನೊಳಗಿಂದಲೇ ಮಾತಾಡುತ್ತಿದ್ದಾನೆ. ಗುಳುಗುಳು ಅಂತ.

ತಮ್ಮ: ಅದು ಸಾಫ್ಟ್‌ವೇರಿನ ಗುಣ. ಯಾರೂ ಹಾಡದೆ, ಮಾತಾಡದೆ ಇರುವ ಒಂದೆರಡು ಸೆಕೆಂಡು ತೋರಿಸಿದರೆ ಅದು 'ಇದು ಗದ್ದಲ' ಎಂದು ಕಲಿಯುತ್ತದೆ. ಆಮೇಲೆ ಅಂಥದ್ದನ್ನು ಎಲ್ಲ ಕಡೆಯಿಂದ ಕಳೆಯುತ್ತದೆ. ಮೇಳದ ಜನರೇಟರ್ ಇಡೀ ರಾತ್ರಿ ಗುಂಯ್ ಅನ್ನುತ್ತಿತ್ತು. ಮೇಲಿಂದ ಟೇಪಿನ ಸುಂಯ್. ಏನು ಮಾಡಲಿ?

ಕುಮಟೆ ಮಾವ: ತೊಂದರೆ ಆದದ್ದೇ ಅಲ್ಲಿ. ಟೇಪಿನ ಸುಂಯ್ ಮತ್ತು ತಾಳದ ಬಾಲ ಎರಡೂ ಒಂದೇ ಎತ್ತರದ ದನಿಯಲ್ಲಿರುತ್ತವೆ. ಕಳೆ ಕೀಳುವ ಆಳಿಗೆ ಸಸಿ ಯಾವುದು ಎಂದು ಗೊತ್ತಿಲ್ಲ. ಎರಡನ್ನೂ ಕಿತ್ತಿದ್ದಾನೆ. ಹಳೆಯ 78ರ ತಟ್ಟೆಗಳಿಗೂ ಇದೇ ಗತಿ ಮಾಡಿದವರಿದ್ದಾರೆ. ಕರಕರ ಹೋಗುತ್ತದೆ, ಜೊತೆಗೆ ಹಾಡುವವರ ಮೇಲೆ ಕಂಬಳಿ ಹೊದೆಸಿದ ಹಾಗಾಗುತ್ತದೆ.

ಪುಟ್ಟಕ್ಕ: ನನ್ನ ಸುಕ್ರಜ್ಜಿಯ ಕೋಳಿಯನ್ನು ಮಾತ್ರ ಯಾರೂ ಮುಟ್ಟಬೇಡಿ.

ಅತ್ತಿಗೆ (ದೊಡ್ಡಪ್ಪನಿಗೆ): ಮಾವ, ಒಂದು ಮಾತು. ಆ ಕ್ಯಾಸೆಟ್‌ಗಳು ಇಷ್ಟು ವರ್ಷ ನಿಮ್ಮ ತಲೆಯ ಮೇಲಿನ ಅಟ್ಟದಲ್ಲೇ ಇದ್ದವು. ನೀವು ಒಂದು ಸಲವೂ ಇಳಿಸಲಿಲ್ಲ. ಹುಡುಗ ರಜೆ ಹಾಕಿ ಕೂತು ಮಾಡಿದ್ದಾನೆ. ಮೊದಲು 'ಭೇಷ್' ಅನ್ನಬಹುದಿತ್ತು.

ದೊಡ್ಡಪ್ಪ: ಭೇಷ್. ಚಂಡೆ ಎಲ್ಲಿ?

ತಮ್ಮ: ಹಾಗಾದರೆ ಎಲ್ಲ ಡಿಲೀಟ್ ಮಾಡುತ್ತೇನೆ. ಸುಮ್ನೆ ಯಾಕೆ ಬೇಕು.

ಮಾಡಿಯೂ ಬಿಟ್ಟ. 'ಈ ಸಂದೇಶವನ್ನು ಅಳಿಸಲಾಗಿದೆ' ಎಂದು ಎಂಟು ಸಾಲು. ತನ್ನ ಫೋನಿಗೆ ಆಗಲೇ ಇಳಿಸಿಕೊಂಡಾಗಿದೆ ಎಂದು ಚಿಕ್ಕಮ್ಮ ಹೇಳಿದ್ದರಿಂದ ಆ ಸಿಟ್ಟಿಗೂ ಬೆಲೆ ಉಳಿಯಲಿಲ್ಲ. ನಡುವೆ ಯಾರೋ ಯೂಟ್ಯೂಬಿಗೆ ಹಾಕೋಣ ಅಂದರು. ಅತ್ತಿಗೆ ವಕೀಲೆ. ಹಾಡಿದವರಿಗೂ ಕುಣಿದವರಿಗೂ ಕಾನೂನಿನಲ್ಲಿ ತಮ್ಮದೇ ಹಕ್ಕು ಇದೆ, ಭಾಗವತರ ಮನೆಯವರನ್ನು ಕೇಳದೆ ಹಾಕುವುದು ಸರಿಯಲ್ಲ ಅಂದರು. ಆ ಮಾತು ಅಲ್ಲಿಗೇ ನಿಂತಿತು.

ನನಗೆ ತಮ್ಮನ ಪರ ನಿಲ್ಲಬೇಕು ಅನಿಸಿತ್ತು. ಆದರೆ ಕಿವಿಗೆ ಇಯರ್‌ಫೋನ್ ಹಾಕಿ ಕೇಳಿದರೆ ದೊಡ್ಡಪ್ಪ ಹೇಳಿದ್ದೇ ಸರಿ. ಭಾಗವತರು ಉಸಿರು ಎಳೆದುಕೊಳ್ಳುವ ಜಾಗದಲ್ಲಿ ಶ್ರುತಿ ಕೂಡ ನಿಂತುಹೋಗುತ್ತದೆ. ಬಾವಿಗೆ ಬಿದ್ದ ಹಾಗೆ ಒಂದು ಮೌನ. ಯಕ್ಷಗಾನದಲ್ಲಿ ಅಂಥ ಮೌನ ಎಲ್ಲಿಂದ ಬರಬೇಕು?

ನಾನು: ತಮ್ಮಾ, ಕ್ಲೀನ್ ಮಾಡುವ ಮೊದಲಿನ ಫೈಲ್ ಇದೆಯಾ?

ತಮ್ಮ: ಇದೆ. ಅದನ್ನು ಯಾರು ಅಳಿಸುತ್ತಾರೆ? ಹಾಕುತ್ತೇನೆ. ಆಮೇಲೆ ಗದ್ದಲ ಜಾಸ್ತಿ ಎಂದು ಯಾರೂ ಹೇಳಬಾರದು.

ಹಾಕಿದ. ಗುಂಯ್, ಸುಂಯ್, ಜೀರುಂಡೆ, ಯಾರೋ ಕೆಮ್ಮಿದ್ದು, ಒಂದು ಮಗು ಅತ್ತದ್ದು. ಅದರ ನಡುವಿನಿಂದ ಚಂಡೆ ಬಂತು ನೋಡಿ. ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಮುಗಿಯಲಿಲ್ಲ.

ದೊಡ್ಡಪ್ಪ: ಇದು ಆಟ! ಭಾಗವತರು ಬೆಳಗಿನ ಜಾವಕ್ಕೆ ಹೇಗೆ ಏರಿದ್ದಾರೆ ಕೇಳಿ. ಐದನೇ ಕ್ಯಾಸೆಟ್ಟಿನ ಶುರುವಿನಲ್ಲಿ ಬಿಳಿ ನಾಲ್ಕು. ಆರನೆಯದರ ಕೊನೆಗೆ ಕಪ್ಪು ಮೂರು. ನಿದ್ದೆಗೆಟ್ಟು ಹಾಡಿ ಮತ್ತೆ ಶ್ರುತಿ ಏರಿಸುವವರು ಈಗ ಯಾರಿದ್ದಾರೆ?

ಕುಮಟೆ ಮಾವ: ಏರಿಸದೆಯೂ ಜನರನ್ನು ಹಿಡಿದಿಡಬಹುದು ಭಾವ.

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಬಿಳಿ ನಾಲ್ಕು, ಕಪ್ಪು ಮೂರು ಅಂದರೆ ಹಾರ್ಮೋನಿಯಂನ ಮನೆಗಳ (ಒತ್ತುವ ಕೀಲಿಗಳ) ಲೆಕ್ಕದಲ್ಲಿ ಹೇಳುವ ಶ್ರುತಿ. ದೊಡ್ಡಪ್ಪ ಭಾಗವತ ಕಾಳಿಂಗ ನಾವಡರ ಪಕ್ಷ. ನಾವಡರು 1990ರಲ್ಲಿ, ಇನ್ನೂ ಚಿಕ್ಕ ವಯಸ್ಸಿಗೇ ಹೋದರು. ದೊಡ್ಡಪ್ಪ ಆ ಕ್ಯಾಸೆಟ್‌ಗಳ ಮುಂದಿನಿಂದ ಇನ್ನೂ ಎದ್ದಿಲ್ಲ. ಮಾವ ಇಡಗುಂಜಿ ಮೇಳದ ನೆಬ್ಬೂರು ನಾರಾಯಣ ಭಾಗವತರ ಪಕ್ಷ. ಈ ಜಗಳ ನಮ್ಮಲ್ಲಿ ಮದುವೆಯ ಪಂಕ್ತಿಯಲ್ಲೂ ನಡೆಯುತ್ತದೆ. ಹಾಗಾಗಿ ಮುಂದಿನ 31 ಸಂದೇಶ ಇಲ್ಲಿ ಬಿಟ್ಟಿದ್ದೇನೆ.

ಕುಮಟೆ ಮಾವ: ಅದಿರಲಿ. ಈಗ ಶ್ರುತಿಯನ್ನೇ ಕಿವಿಗೊಟ್ಟು ಕೇಳಿ. ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿಟ್ಟಿರುತ್ತಾರೆ. ಅದು ಏರಬೇಕಾದರೆ ಬೇರೆ ಮನೆ ಒತ್ತಬೇಕು. ಆಗ ಒಮ್ಮೆಲೇ ಜಿಗಿಯಬೇಕು. ಇಲ್ಲಿ ಜಿಗಿಯುವುದೇ ಇಲ್ಲ, ಮೆಲ್ಲಗೆ ಜಾರಿಕೊಂಡು ಮೇಲೆ ಹೋಗುತ್ತದೆ. ಯಾವ ಹಾರ್ಮೋನಿಯಂ ಹೀಗೆ ಮಾಡುತ್ತದೆ?

ಚಿಕ್ಕಮ್ಮ: ಹೌದಲ್ಲ! ಕೌರವನ ದನಿಯೂ ಶುರುವಿಗೆ ಎಮ್ಮೆಯ ಹಾಗಿತ್ತು, ಕೊನೆಗೆ ಕರುವಿನ ಹಾಗಿದೆ.

ತಮ್ಮ: ಮಾವ, ಟೇಪ್ ರೆಕಾರ್ಡರಿನ ಸೆಲ್?

ಕುಮಟೆ ಮಾವ: ಸೆಲ್ಲೇ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಹಿಡಿಯುವಾಗ ಸೆಲ್ ಸೋತರೆ ಟೇಪು ನಿಧಾನ ಓಡುತ್ತದೆ. ಆಮೇಲೆ ಸರಿಯಾದ ವೇಗದಲ್ಲಿ ಹಾಕಿದಾಗ ಎಲ್ಲವೂ ಅವಸರವಾಗಿ, ಎತ್ತರವಾಗಿ ಕೇಳುತ್ತದೆ. ಬಿಳಿ ನಾಲ್ಕರಿಂದ ಕಪ್ಪು ಮೂರಕ್ಕೆ ಅರ್ಧ ಸ್ವರ, ಅಂದರೆ ನೂರಕ್ಕೆ ಸುಮಾರು 6ರ ವ್ಯತ್ಯಾಸ. ಕೊನೆಯ ಆ ನಿಧಾನದ ಓಟದಲ್ಲಿ 45 ನಿಮಿಷದ ಟೇಪಿನಲ್ಲಿ ಸುಮಾರು 48 ನಿಮಿಷದ ಆಟ ಕೂರುತ್ತದೆ.

ಅತ್ತಿಗೆ: ಅಜ್ಜನಿಗೆ ಮೂರು ನಿಮಿಷ ಲಾಭ.

ದೊಡ್ಡಪ್ಪ: ಸುಳ್ಳು. ಅಪ್ಪಯ್ಯ ಆ ದಿನವೇ ಪೇಟೆಯಿಂದ ಹೊಸ ಸೆಲ್ ತಂದಿದ್ದರು. ಆರೂ ಹೊಸದು. ನನಗೆ ಚೆನ್ನಾಗಿ ನೆನಪಿದೆ.

ಕುಮಟೆ ಮಾವ: ಹೊಸ ಸೆಲ್ ಒಂದು ರಾತ್ರಿಗೇ ಹೀಗೆ ಸೋಲುವುದಿಲ್ಲ ಭಾವ. ಎರಡು ಮೂರಾದರೂ ಹಳೆಯದು ಇದ್ದಿರಬೇಕು.

ಇದು ಮಧ್ಯಾಹ್ನ 12:50ಕ್ಕೆ. ಆಮೇಲೆ ದೊಡ್ಡಪ್ಪನ ಸದ್ದಿಲ್ಲ. ಉತ್ತರವಿಲ್ಲ. 'ಅಪ್ಪಾ?' ಎಂದು ಪುಟ್ಟಕ್ಕ ಮೂರು ಸಲ ಕೇಳಿದಳು. ಊಟ, ನಿದ್ದೆ, ಸಂಜೆಯ ಚಾ ಎಲ್ಲ ಆಗಿ ರಾತ್ರಿ 9:40ಕ್ಕೆ ಬಂತು.

ದೊಡ್ಡಪ್ಪ: ಆಗ ನನಗೆ ಹದಿನಾಲ್ಕು. ಅಪ್ಪಯ್ಯ ಚಾ ಕುಡಿಯಲು ಎದ್ದಾಗ ಕ್ಯಾಸೆಟ್ ಬದಿ ತಿರುಗಿಸುವ ಕೆಲಸ ನನ್ನದು. ಬಯಲಿನ ಆಚೆ ತುದಿಯಲ್ಲಿ, ಹಕ್ಕಲಿನ ಕತ್ತಲೆಯಲ್ಲಿ, ಅಂದರ್ ಬಾಹರ್ ನಡೆಯುತ್ತಿತ್ತು. ಅಲ್ಲಿಗೆ ಹೋಗಬೇಕಾದರೆ ಟಾರ್ಚ್ ಬೇಕು. ನನ್ನ ಟಾರ್ಚಿನ ಸೆಲ್ ಮುಗಿಯುತ್ತಾ ಬಂದಿತ್ತು. ಟೇಪ್ ರೆಕಾರ್ಡರಿನ ಎರಡು ತೆಗೆದು ಟಾರ್ಚಿಗೆ ಹಾಕಿದೆ. ಟಾರ್ಚಿನದು ಇದಕ್ಕೆ ಹಾಕಿದೆ. ಕೆಂಪು ದೀಪ ಹತ್ತಿತು. ಸಾಕಲ್ಲ ಅಂದುಕೊಂಡೆ. ಎರಡು ರೂಪಾಯಿ ಹೋಯಿತು. ಈ ಕ್ಯಾಸೆಟ್ಟನ್ನು ಅಪ್ಪಯ್ಯ ಬಂದವರಿಗೆಲ್ಲ ಹಾಕಿ, ಭಾಗವತರು ಹೇಗೆ ಏರಿದ್ದಾರೆ ನೋಡಿ ಅನ್ನುತ್ತಿದ್ದರು. ನಾನೂ ಅದನ್ನೇ ಹೇಳಿಕೊಂಡು ಬಂದೆ. ಇವತ್ತಿನವರೆಗೆ ನನಗೂ ಗೊತ್ತಿರಲಿಲ್ಲ.

ಪುಟ್ಟಕ್ಕ: ಅಪ್ಪಾ! ಅಂದರ್ ಬಾಹರ್!

ಚಿಕ್ಕಮ್ಮ: ಭಾವ, ನೀವು ಎಲೆ ಅಡಿಕೆಯನ್ನೂ ಮುಟ್ಟುವುದಿಲ್ಲ ಎಂದು ನಾವು ಮಕ್ಕಳಿಗೆ ಹೇಳುತ್ತಿದ್ದೆವು.

ಕುಮಟೆ ಮಾವ: ತಮ್ಮಾ, ವೇಗ ಸರಿ ಮಾಡಲು ಬರುತ್ತದೆ ಅಲ್ವಾ? ಶ್ರುತಿ ಬಿಳಿ ನಾಲ್ಕಕ್ಕೇ ನಿಲ್ಲುವ ಹಾಗೆ ಎಳೆ. ಚಂಡೆಗೆ ಪೆಟ್ಟಾಗುವುದಿಲ್ಲ, ಬರೀ ಓಟ ನಿಧಾನ ಆಗುತ್ತದೆ.

ದೊಡ್ಡಪ್ಪ: ಸರಿ ಮಾಡಬೇಡ.

ಕುಮಟೆ ಮಾವ: ಭಾವ, ಅದು ಭಾಗವತರ ದನಿಯೇ ಅಲ್ಲ. ನಿಮ್ಮ ಟಾರ್ಚಿನ ದನಿ.

ದೊಡ್ಡಪ್ಪ: ಇರಲಿ. ಅಪ್ಪಯ್ಯ ಕೇಳಿದ್ದು ಇದನ್ನೇ.

ತಮ್ಮ: ಎರಡೂ ಮಾಡುತ್ತೇನೆ. ಒಂದು ಭಾಗವತರದ್ದು, ಒಂದು ದೊಡ್ಡಪ್ಪನದು. ಹಾಂ, ಮೂರನೇ ಕ್ಯಾಸೆಟ್ ಬಗ್ಗೆ ಹೇಳುವುದು ಮರೆತೆ. ಅದು ಹಾಳಾಗಿಲ್ಲ. ಆದರೆ ಅದರಲ್ಲಿ ಆಟ ಇಲ್ಲ. ಮೇಲಿಂದ ಯಾರೋ ರೇಡಿಯೋದ ಭಾವಗೀತೆ ಹಿಡಿದಿದ್ದಾರೆ. ನಡುನಡುವೆ ಒಬ್ಬಳು ಹುಡುಗಿ ರೇಡಿಯೋ ಜೊತೆಗೇ ಹಾಡುತ್ತಾಳೆ.

ದೊಡ್ಡಪ್ಪ: ಮೂರನೆಯದಾ? ಅದನ್ನು ನಾನು ಕಳೆದೆ ಎಂದು ಅಪ್ಪಯ್ಯ ನನಗೆ ಅಡಿಕೆ ದಬ್ಬೆಯಲ್ಲಿ ಹೊಡೆದಿದ್ದರು.

ತಮ್ಮ: ಹಾಕಲಾ? ದನಿ ಗುರುತು ಸಿಗುತ್ತದೆ.

ಆಗ ಮನೆಯಲ್ಲಿ ಇದ್ದ ಹುಡುಗಿ ಒಬ್ಬಳೇ. ಕುಮಟೆ ಅತ್ತೆಯ ಹೆಸರಿನ ಕೆಳಗೆ 'ಆನ್‌ಲೈನ್' ಎಂದು ತೋರಿಸುತ್ತಿತ್ತು. ಎರಡು ಸಲ 'ಟೈಪ್ ಮಾಡುತ್ತಿದ್ದಾರೆ' ಎಂದೂ ಬಂತು. ಆಮೇಲೆ ಅದೂ ಹೋಯಿತು.

ಕುಮಟೆ ಮಾವ: ಇಲ್ಲಿ ಕರೆಂಟ್ ಹೋಗಿದೆ ಎಂದು ಹೇಳಲು ಹೇಳಿದ್ದಾಳೆ.