ದೋಣಿಯ ಶವರ್: ಪಂಪ್ ಓಡ್ತದೆ, ನೀರು ಹೋಗುವುದಿಲ್ಲ

ತೇಜಸ್ವಿನಿ_26:
26 ಅಡಿಯ ಫೈಬರ್ ದೋಣಿ, ಕ್ಯಾಬಿನ್‌ನಲ್ಲಿ ಇಬ್ಬರು ಮಲಗಬಹುದು. ಕಟ್ಟಿ ನಿಲ್ಲಿಸುವುದು ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕೋಟ್ಟಪ್ಪುರದ ಹತ್ತಿರ, ಓಡಾಟ ಹೆಚ್ಚಾಗಿ ವಲಿಯಪರಂಬ ಹಿನ್ನೀರಿನಲ್ಲಿ. ಟಾಯ್ಲೆಟ್ ಕೋಣೆಗೆ ಹೊಸದಾಗಿ ಶವರ್ ಕೂರಿಸಿದ್ದೇನೆ.

ನೆಲದ ಟ್ರೇ 70×65 ಸೆಂ.ಮೀ., ಹೊರಗಿನ ನೀರಿನ ಮಟ್ಟಕ್ಕಿಂತ ಸುಮಾರು 8 ಸೆಂ.ಮೀ. ಕೆಳಗೆ. ಕಿಂಡಿ ಹಿಂದಿನ ಮೂಲೆಯಲ್ಲಿ. ಅಲ್ಲಿಂದ ನೀರು ತಾನಾಗಿ ಇಳಿದು ಒಂದು ಪ್ಲಾಸ್ಟಿಕ್ ಪೆಟ್ಟಿಗೆಗೆ (ತಳ 20×15 ಸೆಂ.ಮೀ.) ಬೀಳುತ್ತದೆ. ಪೆಟ್ಟಿಗೆಯೊಳಗೆ 12 ವೋಲ್ಟಿನ 500 ಜಿಪಿಎಚ್ (ಗಂಟೆಗೆ 500 ಗ್ಯಾಲನ್) ಬಿಲ್ಜ್ ಪಂಪ್ (ದೋಣಿಯ ತಳದ ನೀರು ಹೊರಹಾಕುವಂಥದ್ದು), ಫ್ಲೋಟ್ ಸ್ವಿಚ್ (ನೀರಿನ ಜೊತೆ ಎದ್ದು ಇಳಿದು ಪಂಪನ್ನು ಓಡಿಸಿ ನಿಲ್ಲಿಸುವಂಥದ್ದು). ಪಂಪಿನ ಬಾಯಿಗೇ ಎನ್‌ಆರ್‌ವಿ (ನೀರು ವಾಪಸ್ ಬಾರದಂತೆ ಮುಚ್ಚಿಕೊಳ್ಳುವ ಬಾಗಿಲಿನ ಕವಾಟ), ನಂತರ 19 ಮಿ.ಮೀ. ಸುರುಳಿ ಹೋಸ್ 3.5 ಮೀಟರ್, ಮೇಲಕ್ಕೆ ಏರಿ ಹೋಗುತ್ತದೆ. ದೋಣಿಯ ಬದಿಯಲ್ಲಿ ನೀರಿನ ಗೆರೆಯಿಂದ 10 ಸೆಂ.ಮೀ. ಮೇಲೆ ಹೊರಬಾಯಿ.

ತೊಂದರೆ ನಾಲ್ಕು ಉಂಟು. ಮುಂದಿನ ಮೂಲೆಯಲ್ಲಿ ನೀರು ನಿಲ್ತದೆ. ಸ್ನಾನ ಮುಗಿದ ಮೇಲೂ ಪಂಪ್ ಅರ್ಧ ನಿಮಿಷಕ್ಕೊಮ್ಮೆ ತಾನಾಗಿ ಶುರುವಾಗಿ ನಿಲ್ತದೆ. ಕೆಲವೊಮ್ಮೆ ಪಂಪ್ ಗುಂಯ್ ಅಂತ ಓಡ್ತದೆ, ಹೊರಗೆ ಒಂದು ಹನಿ ಇಲ್ಲ. ಎರಡು ವಾರದಿಂದ ವಾಸನೆ ಬೇರೆ.

ಹಗ್ಗ_ಗಂಟು:
ಎರಡನೆಯದೂ ಮೂರನೆಯದೂ ಒಂದೇ ಸಾಮಾನಿನ ಕೆಲಸ, ಆ ಎನ್‌ಆರ್‌ವಿಯದ್ದು.

19 ಮಿ.ಮೀ. ಹೋಸಿನ ಒಂದು ಮೀಟರಿನಲ್ಲಿ ಸುಮಾರು 280 ಮಿ.ಲೀ. ನೀರು ಹಿಡಿಯುತ್ತದೆ. 3.5 ಮೀಟರಿಗೆ ಹತ್ತಿರ ಹತ್ತಿರ 1 ಲೀಟರ್. ನಿಮ್ಮ ಪೆಟ್ಟಿಗೆಯ ತಳ 300 ಚದರ ಸೆಂ.ಮೀ., ಹಾಗಾಗಿ ಅಷ್ಟೂ ವಾಪಸ್ ಇಳಿದರೆ ಮಟ್ಟ 3.3 ಸೆಂ.ಮೀ. ಏರುತ್ತದೆ. ಫ್ಲೋಟ್ 5 ಸೆಂ.ಮೀ.ಗೆ ಎದ್ದು 2 ಸೆಂ.ಮೀ.ಗೆ ನಿಲ್ಲುವಂಥದ್ದಾದರೆ, 2 ಕೂಡಿಸು 3.3, ಅಂದರೆ ಮತ್ತೆ ಶುರು. ಅದೇ ನೀರು ಮೇಲೆ ಕೆಳಗೆ ಹೋಗಿ ಬಂದು ಬ್ಯಾಟರಿ ತಿನ್ನುತ್ತಿದೆ. ಎನ್‌ಆರ್‌ವಿ ನೆಟ್ಟಗೆ ಮುಚ್ಚಿದ್ದರೆ ಹೀಗಾಗುವುದಿಲ್ಲ. ಬಿಚ್ಚಿ ನೋಡಿ, ಬಾಗಿಲಿನ ಅಂಚಿನಲ್ಲಿ ಕೂದಲು ಇರುತ್ತದೆ.

ಇನ್ನು ಅದು ಸರಿಯಾಗಿ ಮುಚ್ಚಿದ ದಿನ ಮೂರನೇ ತೊಂದರೆ. ಬಿಲ್ಜ್ ಪಂಪಿನ ಫ್ಯಾನಿನ ಸುತ್ತ ಗಾಳಿ ಸಿಕ್ಕಿಕೊಂಡರೆ ಫ್ಯಾನ್ ತಿರುಗಿದರೂ ಒತ್ತಡ ಹುಟ್ಟುವುದಿಲ್ಲ. ಮೇಲಿನಿಂದ ಹೋಸಿನ ನೀರು ಬಾಗಿಲನ್ನು ಅದುಮಿ ಹಿಡಿದಿರುತ್ತದೆ. ಗಾಳಿಗೆ ಹೊರಗೆ ಹೋಗಲು ದಾರಿ ಎಲ್ಲಿ? ಈ ಜಾತಿಯ ಪಂಪಿಗೆ ಎನ್‌ಆರ್‌ವಿ ಹಾಕಲೇಬಾರದು.

ತೆಗೆಯುವ ಮೊದಲು ಎರಡು ಅಳತೆ ಕೊಡಿ. ಪೆಟ್ಟಿಗೆಗೆ 5 ಲೀಟರ್ ಸುರಿದು ಖಾಲಿಯಾಗಲು ಎಷ್ಟು ಸೆಕೆಂಡು? ಪಂಪ್ ಓಡುವಾಗ ಅದರ ವಯರಿನ ತುದಿಯಲ್ಲಿ ಎಷ್ಟು ವೋಲ್ಟ್?

ತೇಜಸ್ವಿನಿ_26:
24 ಸೆಕೆಂಡು. ಬ್ಯಾಟರಿಯಲ್ಲಿ 12.4, ಪಂಪಿನ ಹತ್ತಿರ 11.2. ವಯರು ಮನೆಯದ್ದು, 1 ಚದರ ಮಿ.ಮೀ., ಒಂದು ದಿಕ್ಕಿಗೆ 6 ಮೀಟರ್. ಪಂಪ್ 5 ಆಂಪಿಯರ್ ಎಳೆಯುತ್ತದೆ. ಹೋಸ್ ನಡುವೆ ಒಂದು ಕಡೆ ಜೋತು ಬಿದ್ದಿದೆ. ಹೌದು, ಎನ್‌ಆರ್‌ವಿಯಲ್ಲಿ ಕೂದಲು ಇತ್ತು.

ಉಪ್ಪಳ_ವಯರಿಂಗ್:
ಲೆಕ್ಕ ತಾಳೆ ಬೀಳುತ್ತದೆ. 1 ಚದರ ಮಿ.ಮೀ. ತಾಮ್ರಕ್ಕೆ ಮೀಟರಿಗೆ ಸುಮಾರು 0.018 ಓಮ್, ಹೋಗಿ ಬರುವ ದಾರಿ 12 ಮೀಟರ್, 5 ಆಂಪಿಯರಿಗೆ 1.1 ವೋಲ್ಟ್ ದಾರಿಯಲ್ಲೇ ಖರ್ಚು. ಉಳಿದದ್ದು ಜಾಯಿಂಟಿನಲ್ಲಿ. 2.5 ಹಾಕಿದರೆ 0.43ಕ್ಕೆ ಇಳಿಯುತ್ತದೆ, 4 ಹಾಕಿದರೆ 0.27ಕ್ಕೆ. ತವರ ಲೇಪದ ಎಳೆ ಎಳೆಯ ವಯರೇ ಆಗಬೇಕು. ಉಪ್ಪುಗಾಳಿಗೆ ಬರಿ ತಾಮ್ರ ಒಳಗಿಂದ ಹಸಿರುಗಟ್ಟಿಕೊಂಡು ಹೋಗುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಫ್ಲೋಟಿನ ಜಾಯಿಂಟ್ ಪೆಟ್ಟಿಗೆಯೊಳಗೆ ಬೇಡ, ಮೇಲೆ ತನ್ನಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿ. ಫ್ಯೂಸು ಬ್ಯಾಟರಿ ಕಡೆಗೆ, ಪಂಪಿನ ಮೇಲೆ ಬರೆದಷ್ಟೇ. ಇನ್ಸುಲೇಷನ್ ಟೇಪು ಸುತ್ತಿ ಬಿಟ್ಟಿದ್ದರೆ ಇವತ್ತೇ ತೆಗೆಯಿರಿ ಮಾರಾಯ್ರೇ.

ಹಗ್ಗ_ಗಂಟು:
5 ಲೀಟರಿಗೆ 24 ಸೆಕೆಂಡು, ಅಂದರೆ ನಿಮಿಷಕ್ಕೆ 12.5 ಲೀಟರ್. 500 ಜಿಪಿಎಚ್ ಅಂದರೆ ನಿಮಿಷಕ್ಕೆ 31 ಲೀಟರ್ ಬರಬೇಕಿತ್ತು, ಆದರೆ ಆ ಅಂಕೆ ಏರಿಕೆಯೇ ಇಲ್ಲದಾಗಿನದ್ದು. ಏರಿಕೆ, ಸುರುಳಿ ಹೋಸಿನ ತಡೆ, ಕಡಿಮೆ ವೋಲ್ಟು ಸೇರಿ ಉಳಿದದ್ದನ್ನು ನುಂಗಿವೆ. ಮನೆಯ ಶವರ್ ಹೆಡ್ ನಿಮಿಷಕ್ಕೆ 9 ಲೀಟರ್ ಸುರಿಸುತ್ತದೆ, ಮಧ್ಯೆ ಉಳಿಯುವ ಅಂತರ ಸಾಲದು. ಹೊರಗೆ ಹಾಕುವ ಶಕ್ತಿ ಒಳಗೆ ಬರುವುದರ ಎರಡು ಪಟ್ಟಾದರೂ ಇರಲಿ. ಅಗ್ಗದ ದಾರಿ ಶವರನ್ನೇ ಸಣ್ಣದು ಮಾಡುವುದು: ನಿಮಿಷಕ್ಕೆ 5 ಲೀಟರಿನ ಹೆಡ್, ಹಿಡಿಯಲ್ಲಿ ಬಂದ್ ಮಾಡುವ ಗುಂಡಿ ಇರುವಂಥದ್ದು. ಮೈ ಒದ್ದೆ ಮಾಡಿ, ಬಂದ್ ಮಾಡಿ ಸೋಪು ಹಚ್ಚಿ, ಮತ್ತೆ ಬಿಟ್ಟರೆ ಒಬ್ಬರಿಗೆ ಒಂದು ಬಾಲ್ದಿಗಿಂತ ಕಡಿಮೆ ನೀರು ಸಾಕು.

ಪಂಪ್ ಬದಲಿಸುವುದಾದರೆ ಡಯಾಫ್ರಾಮ್ ಪಂಪ್ (ಒಳಗಿನ ರಬ್ಬರ್ ಪರದೆ ಹಿಂದೆ ಮುಂದೆ ಆಡಿ ನೀರೆಳೆಯುವಂಥದ್ದು) ತೆಗೆದುಕೊಳ್ಳಿ. ತಾನೇ ನೀರು ಎಳೆದುಕೊಳ್ಳುತ್ತದೆ, ಒಳಗೇ ಕವಾಟ ಇರುವುದರಿಂದ ಹೋಸಿನ ನೀರು ವಾಪಸ್ ಬರುವುದಿಲ್ಲ, ಒಣ ಜಾಗದಲ್ಲಿ ಮೇಲೆ ಕೂರಿಸಬಹುದು. ಆಗ ಪೆಟ್ಟಿಗೆಯೇ ಬೇಡ: ಟ್ರೇಯ ಕಿಂಡಿ, ಜಾಲರಿ, ಪಂಪ್, ಹೊರಗೆ.

ಫೈಬರ್_ಪೆಟ್ಟು:
ಪೆಟ್ಟಿಗೆ ಬೇಡ ಎನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮುಂದಿನ ಮೂಲೆಯ ನೀರಿನ ಮಾತು ಯಾರೂ ಎತ್ತಲಿಲ್ಲ.

ಟ್ರೇಯ ಇಳಿಜಾರನ್ನು ದೋಣಿ ದಡದಲ್ಲಿದ್ದಾಗ ನೋಡಿದ್ದಿರಬೇಕು. ತೇಲುವಾಗ ದೋಣಿ ಬೇರೆ ಕೋನದಲ್ಲಿ ಕೂರುತ್ತದೆ. ಮುಂದಿನ ನೀರಿನ ಟ್ಯಾಂಕ್ ತುಂಬಿದಾಗ ಮೂತಿ ತಗ್ಗುತ್ತದೆ, ಖಾಲಿಯಾದರೆ ಹಿಂದೆ ಕೂರುತ್ತದೆ. ಬೆಳಿಗ್ಗೆ ಗಾಳಿ ಇಲ್ಲದಾಗ ಲಂಗರಿನಲ್ಲಿ ಟ್ರೇಗೆ 1 ಲೀಟರ್ ಸುರಿದು, ನಿಂತ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಟ್ಯಾಂಕ್ ತುಂಬಿದ್ದಾಗ ಒಮ್ಮೆ, ಕಾಲು ಭಾಗ ಇದ್ದಾಗ ಒಮ್ಮೆ, ಹಿಂದೆ ಇಬ್ಬರನ್ನು ಕೂರಿಸಿ ಒಮ್ಮೆ. ಮೂರು ಗೆರೆಯೂ ಒಂದೇ ಮೂಲೆಗೆ ಬಂದರೆ ದಪ್ಪ ಮಾಡಿದ ಎಪಾಕ್ಸಿಯಿಂದ ಇಳಿಜಾರು ತಿದ್ದಿ, 70 ಸೆಂ.ಮೀ.ಗೆ 2 ಸೆಂ.ಮೀ. ಸಾಕು. ಬೇರೆ ಬೇರೆ ಮೂಲೆಗೆ ಬಂದರೆ ಯಾವ ಇಳಿಜಾರೂ ಕೆಲಸ ಮಾಡುವುದಿಲ್ಲ, ಮುಂದೆ ಇನ್ನೊಂದು ಕಿಂಡಿ ಕೊರೆಯಬೇಕು.

ಪೆಟ್ಟಿಗೆ ಬೇಕಾಗುವುದು ಇಲ್ಲಿಯೇ. ಎರಡು ಕಿಂಡಿಗೆ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ನೇರ ಡಯಾಫ್ರಾಮ್ ಪಂಪಿಗೆ ಕೊಟ್ಟರೆ, ಒಣಗಿದ ಕಿಂಡಿಯಿಂದ ಪಂಪ್ ಗಾಳಿ ಎಳೆಯುತ್ತದೆ, ನೀರು ನಿಂತ ಕಿಂಡಿ ಹಾಗೇ ಉಳಿಯುತ್ತದೆ. ಎರಡೂ ಬೇರೆ ಬೇರೆ ಪೈಪಿನಲ್ಲಿ ಪೆಟ್ಟಿಗೆಗೆ ತಾನಾಗಿ ಬೀಳಬೇಕು. ಪಂಪ್ ಪೆಟ್ಟಿಗೆಯಿಂದ ಎಳೆಯಲಿ.

ಹೊರಬಾಯಿಯೂ ಸರಿ ಇಲ್ಲ. 10 ಸೆಂ.ಮೀ. ಸಾಲದು, ಮೂವರು ಒಂದೇ ಬದಿಗೆ ಬಂದರೆ ಅದು ಮುಳುಗುತ್ತದೆ. ಎನ್‌ಆರ್‌ವಿ ತೆಗೆದ ಮೇಲೆ ಹೊರಗಿನ ನೀರು ಸೈಫನ್ ಆಗಿ (ಹೋಸಿನಲ್ಲಿ ತಾನಾಗಿ ಎಳೆದುಕೊಂಡು) ಒಳಗೆ ಬಂದು ಟ್ರೇ ತುಂಬಿಸುತ್ತದೆ. ನೆನಪಿಡಿ, ಟ್ರೇ ಹೊರಗಿನ ಮಟ್ಟಕ್ಕಿಂತ ಕೆಳಗಿದೆ. ಡಯಾಫ್ರಾಮಿನ ಕವಾಟವನ್ನೂ ಇದಕ್ಕೆ ನಂಬಬೇಡಿ, ಅದಕ್ಕೂ ಕೂದಲು ಸಿಗುತ್ತದೆ. ಹೋಸನ್ನು ಡೆಕ್ಕಿನ ಅಡಿಯವರೆಗೆ ಏರಿಸಿ, ತುತ್ತತುದಿಯಲ್ಲಿ ಗಾಳಿ ಕವಾಟ ಇಟ್ಟು ಇಳಿಸಿ. ಹೊರಬಾಯಿಗೆ ಸೀಕಾಕ್ (ಅದನ್ನು ಮುಚ್ಚಿ ತೆರೆಯುವ ಕವಾಟ) ಇರಲಿ, ದೋಣಿ ಬಿಟ್ಟು ಹೋಗುವಾಗ ಮುಚ್ಚಿ. ಹಿತ್ತಾಳೆ ಬೇಡ, ಉಪ್ಪುನೀರಿಗೆ ಅದರ ಸತು ಕರಗಿ ಉಳಿದದ್ದು ಪುಡಿಯಾಗುತ್ತದೆ. ಕಂಚು ಇಲ್ಲವೇ ಗಾಜಿನ ನಾರಿನ ನೈಲಾನ್ ಹಾಕಿ.

ಕಲ್ಲುಮ್ಮಕಾಯಿ:
ಓಡಾಟ ವಲಿಯಪರಂಬದಲ್ಲಿ ಅಂದಿರಿ. ಅಲ್ಲಿ ಹಗ್ಗಕ್ಕೆ ಕಲ್ಲುಮ್ಮಕಾಯಿ (ತಿನ್ನುವ ಒಂದು ಚಿಪ್ಪುಜೀವಿ) ಬೆಳೆಸುತ್ತಾರೆ, ಮಳೆಗಾಲಕ್ಕೆ ಮೊದಲು ಕೊಯ್ಲು. ಅದು ನೀರನ್ನು ಸೋಸಿಯೇ ತಿನ್ನುವ ಜೀವ, ಅದರ ಪಕ್ಕದಲ್ಲಿ ಸೋಪುನೀರು ಬಿಡಬೇಡಿ. ಹೊರಬಾಯಿಗೆ ಮೊದಲು ಒಂದು ಮೂರು ದಾರಿಯ ಕವಾಟ ಹಾಕಿ 40 ಲೀಟರಿನ ಟ್ಯಾಂಕಿಗೆ ತಿರುಗಿಸಿದರೆ ನಾಲ್ಕು ಸ್ನಾನಕ್ಕೆ ಸಾಕು. ಗಾಳಿಕೊಳವೆ ಮರೆಯಬೇಡಿ, ಇಲ್ಲದಿದ್ದರೆ ಟ್ಯಾಂಕ್ ಉಬ್ಬುತ್ತದೆ.

ವಾಸನೆಗೆ ಕಾರಣ ಅರ್ಧ ತೆಂಗಿನೆಣ್ಣೆ. ಅದು 24-25 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಿಗ್ಗೆ ಎಣ್ಣೆ ಸ್ನಾನದ ನೀರು ತಣ್ಣಗಿನ ಪೆಟ್ಟಿಗೆಗೆ ಬಿದ್ದರೆ ಎಣ್ಣೆ, ಸೋಪು, ಕೂದಲು ಸೇರಿ ಫ್ಲೋಟಿನ ಕೀಲಿಗೆ ಮೇಣದ ಹಾಗೆ ಅಂಟುತ್ತದೆ. ಸೀಗೆಪುಡಿ, ಕಡ್ಲೆಹಿಟ್ಟು ಇನ್ನೂ ಕೆಟ್ಟದ್ದು, ಪುಡಿ ಹೋಗಿ ಕವಾಟದ ಕೆಳಗೆ ಕೂರುತ್ತದೆ. ದೋಣಿಯಲ್ಲಿ ಇವು ಬೇಡವೇ ಬೇಡ. ವಾರಕ್ಕೊಮ್ಮೆ ಬಿಸಿನೀರಿಗೆ ನಿಂಬೆಹುಳಿಯ ಪುಡಿ ಕದಡಿ ಪೆಟ್ಟಿಗೆಗೆ ಹೊಯ್ದು ಅರ್ಧ ಗಂಟೆ ಬಿಡಿ. ಅದರ ಜೊತೆ ಬ್ಲೀಚಿಂಗ್ ಪೌಡರ್ ಎಂದೂ ಸೇರಿಸಬೇಡಿ. ಸಣ್ಣ ಕ್ಯಾಬಿನ್ನಿನಲ್ಲಿ ಕ್ಲೋರಿನ್ ಗಾಳಿ ಎದ್ದರೆ ಓಡಲು ಜಾಗ ಇಲ್ಲ.

ತೇಜಸ್ವಿನಿ_26:
ಮೂರು ಗೆರೆ ಎರಡು ಮೂಲೆಗೆ ಬಂತು, ಆದ್ದರಿಂದ ಎರಡನೇ ಕಿಂಡಿ ಕೊರೆದು ಪೆಟ್ಟಿಗೆ ಉಳಿಸಿಕೊಂಡೆ. ಜಾಲರಿ, ಡಯಾಫ್ರಾಮ್ ಪಂಪ್, ಒಳಗೆ ನುಣುಪಾದ ಹೋಸ್ ಎಲ್ಲೂ ಜೋಲದ ಹಾಗೆ, ಡೆಕ್ಕಿನ ಅಡಿಯವರೆಗೆ ಏರಿಸಿ ಇಳಿಸಿದ ಹೋಸಿನ ಬಳೆ ಸುತ್ತು, 4 ಚದರ ಮಿ.ಮೀ. ವಯರು. ಪಂಪಿನಲ್ಲಿ ಈಗ 12.1 ವೋಲ್ಟ್, ಸ್ನಾನದ ನಂತರ ಶುರುವಾಗುವುದು ನಿಂತಿದೆ. ಎರಡು ಉಳಿದಿವೆ. ಪಂಪ್ ಓಡುವಾಗ ಪ್ಲೈವುಡ್ ಗೋಡೆ ಚೆಂಡೆ ಬಾರಿಸಿದ ಹಾಗೆ ಸದ್ದು ಮಾಡುತ್ತದೆ. ವಾಸನೆ ಕಡಿಮೆಯಾಗಿದೆ, ಹೋಗಿಲ್ಲ.

ಹಗ್ಗ_ಗಂಟು:
ಸದ್ದಿಗೆ ಪಂಪಿನ ರಬ್ಬರ್ ಕಾಲಿನ ಸ್ಕ್ರೂ ಸಡಿಲಿಸಿ. ರಬ್ಬರ್ ಚಪ್ಪಟೆಯಾಗುವಷ್ಟು ಬಿಗಿದರೆ ಅದು ಇದ್ದೂ ಇಲ್ಲದ ಹಾಗೆ. ಹೋಸನ್ನು ಪಂಪಿನಿಂದ 30 ಸೆಂ.ಮೀ. ದೂರದವರೆಗೆ ಗೋಡೆಗೆ ಕಟ್ಟಬೇಡಿ.

ವಾಸನೆ ಪೆಟ್ಟಿಗೆಯ ತಳದ್ದು. ಫ್ಲೋಟ್ 2 ಸೆಂ.ಮೀ.ಗೆ ಪಂಪ್ ನಿಲ್ಲಿಸುತ್ತದೆ, 300 ಚದರ ಸೆಂ.ಮೀ. ತಳದಲ್ಲಿ 600 ಮಿ.ಲೀ. ಸೋಪುನೀರು ಯಾವಾಗಲೂ ಕೊಳೆಯುತ್ತಾ ಕೂತಿರುತ್ತದೆ.

ಉಪ್ಪಳ_ವಯರಿಂಗ್:
ಫ್ಲೋಟಿಗೆ ಪ್ಯಾರಲಲ್ ಆಗಿ ಒಂದು ಒತ್ತುವ ಸ್ವಿಚ್ ಹಾಕಿ, ಕಾಲಿಂಗ್ ಬೆಲ್ಲಿನಂತೆ ಒತ್ತಿದಷ್ಟು ಹೊತ್ತು ಮಾತ್ರ ಓಡುವಂಥದ್ದು. ಫ್ಯೂಸ್ ಅದೇ ಸಾಕು. ಎಳೆಯುವ ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ ತಳಕ್ಕೆ ಮುಟ್ಟಿಸಿಡಿ. ಕೊನೆಯವರು ಮಿಂದ ಮೇಲೆ 2 ಲೀಟರ್ ಒಳ್ಳೆ ನೀರು ಹೊಯ್ದು, ಗಾಳಿ ಎಳೆಯುವ ಸದ್ದು ಬರುವವರೆಗೆ ಒತ್ತಿ ಹಿಡಿದರೆ ತಳದಲ್ಲಿ ಒಂದು ಸ್ಪಂಜಿನಷ್ಟು ಉಳಿಯುತ್ತದೆ. ಸೀಕಾಕ್ ಮುಚ್ಚುವುದು ಅದರ ನಂತರ, ಮೊದಲಲ್ಲ.